ಆಗಸ್ಟ್ 15ರ ಕರಪತ್ರಕ್ಕೆ ಏನು ಬರೆಯೋಣ? ಭಾಷಣ ಬೇಡ, ಕೆಲಸ ಹೇಳಿ

ಕೋಡಿಬಾಗದವ:
ಸಂಘದಿಂದ ಈ ಸಲ ಭಾಷಣದ ಬದಲು ಒಂದು ಹಾಳೆಯ ಕರಪತ್ರ ಹಂಚುವುದು ಅಂತ ತೀರ್ಮಾನ ಆಗಿದೆ. ವಿಷಯ: ನಮ್ಮ ನಿಮ್ಮಂಥವರ ಪಾಲಿಗೆ ದೇಶಪ್ರೇಮ ಅಂದರೆ ಏನು. ಮೊದಲ ಕರಡಿನಲ್ಲಿ 'ದೇಶಕ್ಕಾಗಿ ಪ್ರಾಣ ಕೊಡೋಣ' ಅನ್ನುವ ಸಾಲು ಮೂರು ಕಡೆ ಇದೆ. ಪ್ರಾಣ ಕೊಡುವ ಪ್ರಸಂಗ ಮೀನು ಮಾರ್ಕೆಟ್ಟಿಗೆ ಹೊರಟವನಿಗೆ ಬರುವುದಿಲ್ಲ. ಕಾರವಾರ, ಅಂಕೋಲಾ, ಶಿರಸಿ ಕಡೆಯವರು ಮನೆಯಿಂದ ಹೊರಟು ಮಾಡಿ ಮುಗಿಸಬಹುದಾದ್ದನ್ನು ಬರೆಯಿರಿ. ಎಷ್ಟು, ಹೇಗೆ, ಎಲ್ಲಿ ಕೆಡುತ್ತದೆ, ಇಷ್ಟು ಇದ್ದರೆ ಸಾಕು. ಘೋಷಣೆ ಹಾಕಿದವರಿಗೆ ಉತ್ತರ ಇಲ್ಲ.

ಡ್ರಿಲ್ ಮಾಸ್ತರ್:
ಧ್ವಜದಿಂದಲೇ ಶುರು ಮಾಡಿ. ನಮ್ಮ ಕರಾವಳಿಯಲ್ಲಿ ಆಗಸ್ಟ್ 15 ಅಂದರೆ ಮಳೆ, ಗಾಳಿ, ಉಪ್ಪು. ಅರ್ಧದಲ್ಲಿ ಧ್ವಜ ಸಿಕ್ಕಿಕೊಂಡು ಅತಿಥಿಗಳು ಬಾಯಿ ತೆರೆದು ಮೇಲೆ ನೋಡುವ ದೃಶ್ಯ ಎಷ್ಟು ಶಾಲೆಗಳಲ್ಲಿ ಆಗುವುದಿಲ್ಲ ಹೇಳಿ. ಕಾರಣ ಎರಡೇ.

ಒಂದು, ರಾಟೆ. ಕಬ್ಬಿಣದ ರಾಟೆ ಒಂದು ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿದು ತಿರುಗುವುದನ್ನೇ ಬಿಡುತ್ತದೆ. ಹಿತ್ತಾಳೆಯದ್ದೋ ನೈಲಾನ್ ಗಾಲಿಯದ್ದೋ ಹಾಕಿ. ಹಗ್ಗ ತೀರಾ ಸಪೂರ ಇದ್ದರೆ ಗಾಲಿಯ ತೋಡಿನಿಂದ ಜಾರಿ ಪಕ್ಕದ ತಗಡಿನ ಸಂದಿಗೆ ಹೊಕ್ಕು ಕಚ್ಚಿಕೊಳ್ಳುತ್ತದೆ. ಆಗ ಮೇಲೂ ಇಲ್ಲ, ಕೆಳಗೂ ಇಲ್ಲ. ಶಾಲೆಯ ಕಂಬಕ್ಕೆ 6ರಿಂದ 8 ಮಿಲಿಮೀಟರಿನ ನೈಲಾನ್ ಹಗ್ಗ ಸರಿ. ಹತ್ತಿಯ ಹಗ್ಗ ನೆನೆದು ಉಬ್ಬುತ್ತದೆ, ಬೇಡ.

ಎರಡು, ಗಂಟು. ಹೂವಿನ ಎಸಳು ಇಟ್ಟು ಕಟ್ಟುವ ಧ್ವಜಕ್ಕೆ ಜೀರುಗುಣಿಕೆ ಹಾಕಬೇಕು. ಒಂದು ತುದಿ ಎಳೆದರೆ ಬಿಚ್ಚುತ್ತದೆ, ಇನ್ನೊಂದು ಎಳೆದರೆ ಬಿಗಿಯುತ್ತದೆ. ತಪ್ಪು ಆಗುವುದೇ ಇಲ್ಲಿ. ಎಳೆಯಬೇಕಾದ ತುದಿಗೆ ಬಣ್ಣದ ದಾರ ಸುತ್ತಿ ಗುರುತು ಮಾಡಿ. 14ರ ಸಂಜೆ ಮೂರು ಸಲ ಎಳೆದು ನೋಡಿ, ಅದೂ ಹಗ್ಗಕ್ಕೆ ನೀರು ಹಾಕಿ, ಯಾಕೆಂದರೆ ಬೆಳಗ್ಗೆ ಅದು ಒದ್ದೆಯೇ ಇರುತ್ತದೆ. ಇಡೀ ಚೆಂಡುಹೂವು ಇಡಬೇಡಿ, ಎರಡು ಹಿಡಿ ಒಣ ಎಸಳು ಸಾಕು. ಒದ್ದೆ ಎಸಳು ಬಟ್ಟೆಗೆ ಅಂಟಿಕೊಂಡು ಮುದ್ದೆ ಬೀಳುತ್ತದೆ. ಎಸಳು ಇಡುವುದಕ್ಕೆ ಧ್ವಜ ಸಂಹಿತೆಯ ಅಡ್ಡಿ ಇಲ್ಲ.

ಧ್ವಜ ಬಿಚ್ಚಿಕೊಳ್ಳುವ ತನಕ ರಾಷ್ಟ್ರಗೀತೆ ಶುರು ಮಾಡಬೇಡಿ. ಬಿಚ್ಚದಿದ್ದರೆ ಕಂಬ ಹತ್ತಿಸಬೇಡಿ. ಇಳಿಸಿ, ಗಂಟು ತೆಗೆದು, ಬಿಡಿಸಿದ ಧ್ವಜವನ್ನೇ ಏರಿಸಿ. ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನ.

ತೆಂಗಿನಗರಿ:
ಮಾಸ್ತರೇ, ಗಂಟು ಹಾಕಲು ಬಂದರೆ ದೇಶಭಕ್ತ, ಬರದಿದ್ದರೆ ದ್ರೋಹಿ ಅಂತಲೋ?

ಡ್ರಿಲ್ ಮಾಸ್ತರ್:
ಹಾಗಲ್ಲ ಮಾರಾಯ್ರೆ. ಗೌರವ ಇದೆ ಅನ್ನುವವನು 14ರ ಸಂಜೆ ಹತ್ತು ನಿಮಿಷ ಕಂಬದ ಬುಡದಲ್ಲಿ ನಿಂತಿರುತ್ತಾನೆ, ಅಷ್ಟೇ. ಗೌರವ ಬಾಯಲ್ಲಿ ಮಾತ್ರ ಇದ್ದವನಿಗೆ 15ರ ಬೆಳಗ್ಗೆ ಕೇಸರಿ ಕೆಳಗೆ ಬಂದದ್ದು ಗೊತ್ತಾಗುತ್ತದೆ. ಹಗ್ಗ ಹೊಲಿದ ಖಾದಿ ಧ್ವಜದ ಮೇಲ್ತುದಿಯಲ್ಲಿ ಒಂದು ಪುಟ್ಟ ಮರದ ಗೂಟ ಇರುತ್ತದೆ. ಅದು ಇರುವ ಕಡೆ ಮೇಲೆ, ಕೇಸರಿಯೂ ಅಲ್ಲೇ. ಕತ್ತಲಲ್ಲಿ ಕಟ್ಟಿದರೂ ತಪ್ಪಲಾರದು.

ಸೊಪ್ಪಿನಬೆಟ್ಟ:
ಮನೆಗಳ ಮೇಲೆ ಹಾರಿಸುವವರಿಗೂ ನಾಲ್ಕು ಸಾಲು ಬೇಕು. ಸಂಹಿತೆ 2002ರದ್ದು. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ಮಾಡಿದ್ದಕ್ಕೂ ಒಪ್ಪಿಗೆ ಸಿಕ್ಕಿತು. 2022ರ ಜುಲೈನಿಂದ ಮನೆಯ ಮೇಲಿನ ಧ್ವಜ ರಾತ್ರಿಯೂ ಇರಬಹುದು. ಉದ್ದ ಅಗಲ 3:2. ಅದರ ಮೇಲೆ ಅಕ್ಷರ ಬರೆಯುವಂತಿಲ್ಲ, ಒಂದೇ ಕೋಲಿಗೆ ಸಂಘದ ಬಾವುಟವನ್ನೂ ಸೇರಿಸಿ ಕಟ್ಟುವಂತಿಲ್ಲ. ಹರಿದದ್ದು, ಮಾಸಿದ್ದು ಹಾರಿಸುವಂತಿಲ್ಲ. ನಮ್ಮ ಕಡೆ ತಪ್ಪುವುದು ಈ ಕೊನೆಯದ್ದರಲ್ಲೇ: 13ಕ್ಕೆ ಕಟ್ಟಿದ್ದು ಚೌತಿ ಕಳೆದರೂ ಮಾಡಿನ ತುದಿಯಲ್ಲಿ ಚಿಂದಿಯಾಗಿ ನೇತಾಡುತ್ತಿರುತ್ತದೆ.

ಇಳಿಸಿದ ಮೇಲೆ ತಣ್ಣೀರಲ್ಲಿ ಸಾಬೂನು ಹಾಕಿ ಒಗೆದು ನೆರಳಲ್ಲಿ ಪೂರ್ತಿ ಒಣಗಿಸಿ. ಅರೆ ಒದ್ದೆ ಮಡಿಸಿದರೆ ನಮ್ಮ ಹವೆಗೆ ಎರಡೇ ದಿನದಲ್ಲಿ ಬಿಳಿ ಪಟ್ಟಿಯ ಮೇಲೆ ಬೂಷ್ಟಿನ ಕಪ್ಪು ಚುಕ್ಕೆ ಏಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಮಡಿಸುವಾಗ ಕೇಸರಿ, ಹಸಿರು ಎರಡನ್ನೂ ಬಿಳಿಯ ಅಡಿಗೆ ಹಾಕಿ, ಆಮೇಲೆ ಬಿಳಿಯ ಎರಡು ಬದಿಯನ್ನು ಒಳಕ್ಕೆ ತಂದರೆ ಚಕ್ರ ಮೇಲೆ ಉಳಿಯುತ್ತದೆ. ಪೂರ್ತಿ ಹಾಳಾದದ್ದನ್ನು ಖಾಸಗಿಯಾಗಿ, ಇಡಿಯಾಗಿ ಸುಡಬಹುದು. ಖಾದಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಉರಿಯುತ್ತಾ ತೊಟ್ಟಿಕ್ಕುತ್ತದೆ, ಕೈಯಲ್ಲಿ ಹಿಡಿದು ಸುಡಲು ಹೋಗಬೇಡಿ. ಖಾದಿಯದ್ದೇ ಬೇಕಿದ್ದರೆ ದೂರ ಹೋಗಬೇಕಿಲ್ಲ, ಹುಬ್ಬಳ್ಳಿಯ ಬೆಂಗೇರಿಯಲ್ಲೇ ತಯಾರಾಗುತ್ತದೆ.

ತೆಂಗಿನಗರಿ:
ಸರಿ, ಧ್ವಜ ಆಯ್ತು. ಆದರೆ ಪತ್ರದ ಅರ್ಧ ಭಾಗ ಬಟ್ಟೆ ಒಗೆಯುವುದಕ್ಕೇ ಹೋದೀತು, ಜೋಪಾನ. ಪ್ರಾಣ ಕೊಡುವ ಸಾಲು ತೆಗೆಯಲು ಒಪ್ಪದವರಿಗೆ ಒಂದು ಹೇಳಿ: ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ನೌಕೆಯ ಹತ್ತಿರ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ ಇದೆಯಲ್ಲ, ಇಲ್ಲೇ ಚೆಂಡಿಯಾ ಊರಿನವರು. ಅವರಿಗೆ ಪರಮವೀರ ಚಕ್ರ ಬಂದದ್ದು ಬದುಕಿದ್ದಾಗಲೇ. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿ ಕಡೆಗೆ ಟ್ಯಾಂಕುಗಳಿಗೆ ದಾರಿ ಬಿಡಿಸಿಕೊಟ್ಟದ್ದಕ್ಕೆ. ನೆಲಬಾಂಬು ತೆಗೆಯುವುದು, ಅಡ್ಡ ಕೆಡವಿದ ಮರ ಸರಿಸುವುದು, ಗುಡ್ಡ ಕಡಿದು ಬಳಸುದಾರಿ ಮಾಡುವುದು. ತೊಡೆಗೆ ಗಾಯವಾದ ಮೇಲೂ ಅದೇ ಕೆಲಸ. ತೀರಿಕೊಂಡದ್ದು 1994ರಲ್ಲಿ. ಶಾಲೆ ಮಕ್ಕಳಿಗೆ 'ವೀರ' ಅಂತಷ್ಟೇ ಹೇಳುತ್ತಾರೆ, ಅವರು ಮಾಡಿದ್ದು ರಸ್ತೆ ಕೆಲಸ ಅಂತ ಯಾರೂ ಹೇಳುವುದಿಲ್ಲ.

ಹಳೇ ಸರ್ವೆ ನಂಬರು:
ಚೆಂಡಿಯಾ ಅಂದಿರಿ, ಹಾಗಾದರೆ ಆ ಸಾಲಿನ ಊರುಗಳ ಮಾತೂ ಬರಲಿ. ಸೀಬರ್ಡ್ ನೌಕಾನೆಲೆ ಯೋಜನೆಗೆ 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಆ ನೆಲೆ, ಐಎನ್‌ಎಸ್ ಕದಂಬ, ಕಾರ್ಯಾರಂಭ ಮಾಡಿದ್ದು 2005ರ ಮೇ 31ಕ್ಕೆ. ನಡುವೆ ಸಾವಿರಾರು ಕುಟುಂಬ ಗದ್ದೆ, ತೆಂಗು, ಕಡಲ ದಾರಿ ಮೂರನ್ನೂ ಬಿಟ್ಟು ಎದ್ದವು. 'ದೇಶಕ್ಕೆ ಕೊಟ್ಟಿರಿ' ಅಂತ ಹೊಗಳಿದ್ದು ಸಾಕಷ್ಟಾಗಿದೆ. ಹೊಗಳಿಕೆ ಖಾತೆಗೆ ಜಮಾ ಆಗುವುದಿಲ್ಲ.

ಕರಪತ್ರಕ್ಕೆ ಬೇಕಾದ್ದು ಇದು. 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಪರಿಹಾರ ಕಡಿಮೆ ಅನಿಸಿದವರು 18ನೇ ಕಲಮಿನಡಿ ಕೋರ್ಟಿಗೆ ಕಳಿಸಿ ಅಂತ ಕೇಳಬೇಕಿತ್ತು. ಹಾಗೆ ಕೇಳದವರಿಗೆ 28ಎ ಇತ್ತು: ಅದೇ ಅಧಿಸೂಚನೆಯ ಜಮೀನಿನ ಇನ್ನೊಬ್ಬರಿಗೆ ಕೋರ್ಟು ಹೆಚ್ಚಿನ ದರ ಕೊಟ್ಟರೆ, ಆ ತೀರ್ಪಿನ ದಿನದಿಂದ ಮೂರು ತಿಂಗಳೊಳಗೆ ಅರ್ಜಿ ಹಾಕಿದವರಿಗೂ ಅದೇ ದರ ಹಿಡಿಯಬೇಕು. ತೀರ್ಪಿನ ನಕಲು ಪಡೆಯಲು ಹೋದ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ. ಬಹಳ ಕಡೆ ಕೆಟ್ಟದ್ದು ಈ ಮೂರು ತಿಂಗಳಲ್ಲೇ, ಯಾಕೆಂದರೆ ಪಕ್ಕದವನ ತೀರ್ಪು ಬಂದದ್ದು ಮುಂಬೈಯಲ್ಲೋ ಗೋವೆಯಲ್ಲೋ ಇದ್ದವರಿಗೆ ಗೊತ್ತೇ ಆಗುವುದಿಲ್ಲ. ಹೆಚ್ಚುವರಿ ಮೊತ್ತದ ಮೇಲೆ ಶೇ 30 ಸೋಲೇಷಿಯಂ (ಒತ್ತಾಯದ ಸ್ವಾಧೀನಕ್ಕೆ ಸೇರಿಸಿ ಕೊಡುವ ಮೊತ್ತ), ಸ್ವಾಧೀನವಾದ ಮೊದಲ ವರ್ಷಕ್ಕೆ ಶೇ 9, ಆಮೇಲೆ ಶೇ 15 ಬಡ್ಡಿ. ಈಗಿನ ಸ್ವಾಧೀನಗಳಿಗೆ 2013ರ ಕಾಯ್ದೆ, ಅದರಲ್ಲಿ ಇದೇ ಅವಕಾಶ 73ನೇ ಕಲಂ, ಅಲ್ಲಿಯೂ ಮೂರೇ ತಿಂಗಳು. ಸೋಲೇಷಿಯಂ ಮಾತ್ರ ಶೇ 100.

ಓದು ಬಲ್ಲವ ಪಕ್ಕದ ಮನೆಯ ಅಜ್ಜಿಯ ಟ್ರಂಕಿನಲ್ಲಿರುವ ನೋಟೀಸು ತೆಗೆದು ಸರ್ವೆ ನಂಬರು, ಹಿಸ್ಸಾ, ವಾರಸುದಾರರ ಹೆಸರು ಪಹಣಿಗೆ ತಾಳೆ ನೋಡಿಕೊಟ್ಟರೆ, ನೌಕಾನೆಲೆಯ ಬೇಲಿಯ ಹೊರಗೆ ನಿಂತು ಸೆಲ್ಯೂಟ್ ಹೊಡೆಯುವುದಕ್ಕಿಂತ ಅದು ದೊಡ್ಡದು ಅನ್ನುತ್ತೇನೆ.

ಕೋಡಿಬಾಗದವ:
ಇದು ಹಾಕಿಯೇ ಹಾಕುತ್ತೇವೆ. ಸೆಲ್ಯೂಟ್ ಹೊಡೆಯುವವರೂ ಹೊಡೆಯಲಿ ಬಿಡಿ, ಒಂದಕ್ಕೊಂದು ಅಡ್ಡಿ ಇಲ್ಲ.

ಪಾತಿದೋಣಿ:
ಬೇಲಿ ಅಂದದ್ದಕ್ಕೆ ಹೇಳುತ್ತೇನೆ. ಹೆದ್ದಾರಿ 66ರಲ್ಲಿ ಹೋಗುತ್ತಾ ನೌಕಾನೆಲೆಯ ಅರ್ಗಾ ಕಡೆ ಹಡಗು ಕಂಡಿತು ಅಂತ ಫೋಟೋ ಹೊಡೆದು, ಜಾಗ, ಹೊತ್ತು ಸಮೇತ ಸ್ಟೇಟಸ್ ಹಾಕುವುದನ್ನು ಮೊದಲು ನಿಲ್ಲಿಸಿ. ಯಾವ ಹಡಗು ಯಾವಾಗ ಬಂತು, ಯಾವಾಗ ಹೋಯಿತು ಅನ್ನುವುದೇ ಬೇಕಾದವರಿಗೆ ಬೇಕಾದ ಮಾಹಿತಿ. ಪರಿಚಯ ಇಲ್ಲದವರು ಫೇಸ್‌ಬುಕ್ಕಿನಲ್ಲಿ ಸ್ನೇಹ ಮಾಡಿ, ಫೋಟೋಗೆ ಇಷ್ಟು ದುಡ್ಡು ಅಂತ ಶುರು ಮಾಡಿದರೆ ಚಾಟ್ ಅಳಿಸಬೇಡಿ. ಹಾಗೇ ಇಟ್ಟು ಠಾಣೆಗೆ ತೋರಿಸಿ. ಅಳಿಸಿದರೆ ನಿಮ್ಮ ಪರವಾದ ಸಾಕ್ಷಿಯೂ ಹೋಯಿತು.

ಇನ್ನು ನೀರಿನ ಮೇಲಿನದ್ದು. ಮಳೆಗಾಲದ 61 ದಿನ, ಜೂನ್ 1ರಿಂದ ಜುಲೈ 31, ಯಾಂತ್ರೀಕೃತ ಬೋಟು ಇಳಿಯುವುದಿಲ್ಲ. ಆಗಸ್ಟ್ 15ರ ಹೊತ್ತಿಗೆ ಎಲ್ಲ ಇಳಿದಿರುತ್ತವೆ, ಹಾಗಾಗಿ ಕರಪತ್ರ ಬಂದರಿನಲ್ಲಿ ಹಂಚಲು ಇದೇ ಸಮಯ. ಅಪರಿಚಿತ ಬೋಟು ಕಂಡರೆ ಹತ್ತಿರ ಹೋಗಿ ವಿಚಾರಿಸುವ ಸಾಹಸ ಬೇಡ. ಬಣ್ಣ, ಮೈಮೇಲಿನ ನಂಬರು (ನಮ್ಮ ರಾಜ್ಯದ್ದು ಐಎನ್‌ಡಿ-ಕೆಎ ಅಂತ ಶುರು), ಹೋಗುವ ದಿಕ್ಕು, ಜನ ಎಷ್ಟು, ಬಲೆ ಇದೆಯೋ ಇಲ್ಲವೋ ನೋಡಿಕೊಂಡು ಕರಾವಳಿ ಕಾವಲು ಪೊಲೀಸಿಗೆ 1093 ಹೊಡೆಯಿರಿ. ಬೋಟು ಮುಳುಗುವ ಸ್ಥಿತಿ ಆದರೆ ಕೋಸ್ಟ್ ಗಾರ್ಡ್ 1554. ಮೊಬೈಲ್ ಸಿಗದ ಕಡೆ ಬೋಟಿನ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್. ಆ ಚಾನೆಲ್‌ನಲ್ಲಿ ಮೀನಿನ ರೇಟು ಮಾತಾಡುವವರು ದಯವಿಟ್ಟು ಬೇರೆ ಚಾನೆಲ್ಲಿಗೆ ಹೋಗಿ, ಕೂಗುವವನ ದನಿ ನಿಮ್ಮ ಬಂಗಡೆ ರೇಟಿನ ಅಡಿಯಲ್ಲಿ ಹೂತುಹೋಗುತ್ತದೆ.

ಜಾಗ ಹೇಳುವಲ್ಲಿ ಒಂದು ದೊಡ್ಡ ತಪ್ಪು ಆಗುತ್ತದೆ. ಜಿಪಿಎಸ್ ಕೆಲವದರಲ್ಲಿ ಡಿಗ್ರಿ-ಮಿನಿಟು ತೋರಿಸುತ್ತದೆ, ಕೆಲವದರಲ್ಲಿ ಡಿಗ್ರಿಯ ದಶಮಾಂಶ. ಕಾರವಾರದ ಎದುರು ನಿಂತ ಬೋಟಿನಲ್ಲಿ 14 ಡಿಗ್ರಿ 48 ಮಿನಿಟು ಅಂತ ಇದೆ ಅನ್ನಿ. ತಾಂಡೇಲ (ಬೋಟು ನಡೆಸುವವ) ಗಡಿಬಿಡಿಯಲ್ಲಿ 'ಹದಿನಾಲ್ಕು ಪಾಯಿಂಟ್ ನಲವತ್ತೆಂಟು' ಅಂದ. ಕೇಳಿಸಿಕೊಂಡವನು ಹಾಗೇ ಬರೆದುಕೊಂಡರೆ ಅದು 14 ಡಿಗ್ರಿ 29 ಮಿನಿಟು ಹತ್ತಿರ ಆಗುತ್ತದೆ. ಹತ್ತೊಂಬತ್ತು ಮಿನಿಟು ಅಂದರೆ 19 ನಾಟಿಕಲ್ ಮೈಲಿ, ಸುಮಾರು 35 ಕಿಲೋಮೀಟರ್. ಕಾರವಾರದಲ್ಲಿ ಮುಳುಗುತ್ತಿರುವವರನ್ನು ಗೋಕರ್ಣ ದಾಟಿ ಕುಮಟಾ ಕಡೆ ಹುಡುಕಿದಂತೆ. 'ಡಿಗ್ರಿ', 'ಮಿನಿಟು' ಶಬ್ದ ಬಾಯಲ್ಲಿ ಹೇಳಲೇಬೇಕು, ಎರಡು ಸಲ ಹೇಳಿ, ಆ ಕಡೆಯವರ ಬಾಯಿಂದ ವಾಪಸ್ ಹೇಳಿಸಿ.

ಸೊಪ್ಪಿನಬೆಟ್ಟ:
ಇದು ಬಂತಲ್ಲ, ಇಂಥದ್ದೇ ಬೇಕು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದಾಗ ಲಾರಿ ಚಾಲಕನನ್ನು ನೀರಿನಿಂದ ಎತ್ತಿದವರಲ್ಲಿ ಸ್ಥಳೀಯ ಮೀನುಗಾರರೂ ಇದ್ದರು. ಚಾಲಕ ತಮಿಳುನಾಡಿನವ, ಯಾರೂ ಊರು ಕೇಳಿ ಎತ್ತಿದ್ದಲ್ಲ.

ಗಜನಿ ಕಗ್ಗ:
ಅಂಕೋಲೆಯವರು ಸುಮ್ಮನಿದ್ದರೆ ಹೇಗೆ. ಇಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪು ಮಾಡಿ ಕಾನೂನು ಮುರಿದರು. ಆಮೇಲೆ ಅಂಕೋಲಾ, ಸಿದ್ದಾಪುರ ಎರಡೂ ಕಡೆ ಕರನಿರಾಕರಣೆ. ಜಮೀನು ಜಪ್ತಿಯಾಗಿ ಹರಾಜಾಯಿತು. ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಸಿದ್ದಾಪುರದ ಕಡೆಯ ಹೆಂಗಸರು ಉಪವಾಸ ಕೂತರು. ಆಗ ಕರ ಕಟ್ಟದೇ ಇರುವುದು ದೇಶಪ್ರೇಮ, ಯಾಕೆಂದರೆ ಲೆಕ್ಕ ಕೇಳುವ ಹಕ್ಕು ಇರಲಿಲ್ಲ. ಈಗ ಕಟ್ಟುವುದು ಮತ್ತು ಕೇಳುವುದು, ಎರಡೂ ಬೇಕು. ಕಟ್ಟುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ: ಪಟ್ಟಣದ ಆಸ್ತಿ ತೆರಿಗೆ ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ರಶೀದಿ ಇಟ್ಟುಕೊಳ್ಳಿ.

ಕೇಳುವುದು ಹೇಗೆ ಅನ್ನುವುದೇ ಜನಕ್ಕೆ ಗೊತ್ತಿಲ್ಲ. ನಿಮ್ಮ ಕೇರಿಯ ಕಾಂಕ್ರೀಟ್ ರಸ್ತೆ ತಗೊಳ್ಳಿ. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಅಂತ ಅಂದಾಜು ಪತ್ರಿಕೆಯಲ್ಲಿದ್ದರೆ 45 ಘನ ಮೀಟರ್ ಕಾಂಕ್ರೀಟ್. ರಸ್ತೆಯ ಅಂಚಿಗೆ ಹಾಕಿದ ಮಣ್ಣು ಸ್ವಲ್ಪ ಕೆರೆದು ಟೇಪು ಹಿಡಿಯಿರಿ, ದಪ್ಪ ಅಲ್ಲಿ ಕಾಣುತ್ತದೆ. ಮೂರು ನಾಲ್ಕು ಕಡೆ ಅಳೆಯಿರಿ, ಒಂದೇ ಕಡೆ ಅಳೆದರೆ ಅಲ್ಲಿ ತಗ್ಗಿತ್ತು, ಇಲ್ಲಿ ಉಬ್ಬಿತ್ತು ಅನ್ನುತ್ತಾರೆ. ಎಲ್ಲ ಕಡೆ 10 ಸೆಂಟಿಮೀಟರ್ ಸಿಕ್ಕರೆ ಬಿದ್ದದ್ದು 30 ಘನ ಮೀಟರ್. ಮೂರರಲ್ಲಿ ಒಂದು ಪಾಲು ಎಲ್ಲಿ ಹೋಯಿತು?

ಆಗ ಮಾಹಿತಿ ಹಕ್ಕಿನ ಅರ್ಜಿ. ಪಂಚಾಯಿತಿ ಕೆಲಸವಾದರೆ ಅಲ್ಲಿನ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒಗೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಶಬ್ದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ರಸ್ತೆಯೂ ಬೇಕು, ಬೀದಿದೀಪವೂ ಬೇಕು ಅಂತ ಸೇರಿಸಿದರೆ ಅಲ್ಲೇ ಕೊಕ್ಕೆ. 'ಯಾಕೆ ಕಳಪೆ ಮಾಡಿದಿರಿ' ಅಂತ ಕೇಳಬೇಡಿ. ಅಲ್ಲಿ ಸಿಗುವುದು ದಾಖಲೆ, ಜವಾಬಲ್ಲ. ಅಂದಾಜು ಪತ್ರಿಕೆ, ಅಳತೆ ಪುಸ್ತಕದ ಆ ಕಾಮಗಾರಿಯ ಪುಟಗಳು, ಪಾವತಿಯಾದ ಬಿಲ್ಲು, ಈ ಮೂರರ ದೃಢೀಕೃತ ನಕಲು ಕೇಳಿ. 30 ದಿನದಲ್ಲಿ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೂ ಬಗ್ಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ತೆಂಗಿನಗರಿ:
ಹೀಗೆ ಕೇಳಲು ಹೋದವನಿಗೆ 'ಊರಿನ ಮರ್ಯಾದೆ ತೆಗೆಯುತ್ತಾನೆ' ಅಂತ ಹೇಳುವ ಮಂದಿಯೇ 15ರಂದು ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿಯುವುದು.

ಗಜನಿ ಕಗ್ಗ:
ಅದಕ್ಕೇ ಒಬ್ಬನೇ ಹೋಗಬಾರದು. ಗ್ರಾಮಸಭೆಗೆ ತನ್ನಿ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು. ಅಲ್ಲಿ ಕೆಡುವ ರೀತಿ ಹೇಳುತ್ತೇನೆ: ಬಂದವರ ಸಹಿ ಮೊದಲೇ ಪುಸ್ತಕದಲ್ಲಿ ಹಾಕಿಸಿಕೊಳ್ಳುತ್ತಾರೆ, ಚಾ ಅವಲಕ್ಕಿ ಆಗುತ್ತದೆ, ಜನ ಏಳುತ್ತಾರೆ, ಠರಾವು ಆಮೇಲೆ ಬರೆಯುತ್ತಾರೆ. ಏಳುವ ಮುಂಚೆ 'ಠರಾವು ಓದಿ' ಅನ್ನಿ. ಓದಿಸಿದ ಮೇಲೆ ಅದೇ ಪುಟದ ಫೋಟೋ ತೆಗೆದುಕೊಳ್ಳಿ. ಜಗಳ ಬೇಕಾಗಿಲ್ಲ, ಇಷ್ಟಕ್ಕೇ ಅರ್ಧ ಸರಿಯಾಗುತ್ತದೆ.

ಲ್ಯಾಬ್ ಅಕ್ಕ:
ಆಗಸ್ಟ್ 15ಕ್ಕೆ ಎಲ್ಲ ಸಂಘದವರೂ ರಕ್ತದಾನ ಶಿಬಿರ ಇಡುತ್ತೀರಿ, ಒಳ್ಳೆಯದೇ. ಆದರೆ ಇಡೀ ರಕ್ತ ಸಾಮಾನ್ಯ ಚೀಲದಲ್ಲಿ 35 ದಿನ ಇರುತ್ತದೆ, ಕೆಂಪು ಕಣ ಮಾತ್ರ ಬೇರೆ ಮಾಡಿಟ್ಟರೆ 42, ಪ್ಲೇಟ್‌ಲೆಟ್ 5 ದಿನ. 15ರಂದು ಕೊಟ್ಟ ಚೀಲ ಸೆಪ್ಟೆಂಬರ್ 19ಕ್ಕೆ ಮುಗಿಯಿತು. ಅಷ್ಟರಲ್ಲಿ ಬಳಕೆಯಾಗದ್ದು ಚೆಲ್ಲುವುದೇ. ದಸರೆ, ದೀಪಾವಳಿ ಹೊತ್ತಿಗೆ ಬೇಕು ಅಂದರೆ ಅದೇ ದಾನಿಗಳು ಗಂಡಸರಾದರೆ ನವೆಂಬರ್, ಹೆಂಗಸರಾದರೆ ಡಿಸೆಂಬರ್ ತನಕ ಮತ್ತೆ ಕೊಡುವಂತಿಲ್ಲ, ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ ಬೇಕಲ್ಲ. ನೂರು ಜನ ಇದ್ದೀರಿ ಅಂದರೆ 15ರಂದು ಇಪ್ಪತ್ತೈದು ಜನ ಕೊಡಿ, ಉಳಿದವರ ಹೆಸರು, ಗುಂಪು, ಫೋನು ಪಟ್ಟಿ ಮಾಡಿ ರಕ್ತನಿಧಿಗೆ ಕೊಡಿ, ಕರೆದಾಗ ಹೋಗಿ. ನೆಗೆಟಿವ್ ಗುಂಪಿನವರಂತೂ ಕರೆಯದೆ ಕೊಡಬೇಡಿ. ವಯಸ್ಸು 18ರಿಂದ 65, ತೂಕ 45 ಕಿಲೋಗೆ ಕಡಿಮೆ ಇರಬಾರದು, ಹಿಮೋಗ್ಲೋಬಿನ್ 12.5. ಪೆರೇಡ್ ಮುಗಿಸಿ ಖಾಲಿ ಹೊಟ್ಟೆಯಲ್ಲಿ ಬಂದು ತಲೆ ತಿರುಗಿ ಬೀಳುವ ಹುಡುಗರು ಪ್ರತಿ ಶಿಬಿರದಲ್ಲೂ ಇರುತ್ತಾರೆ. ತಿಂಡಿ ತಿಂದು, ಎರಡು ಲೋಟ ನೀರು ಕುಡಿದು ಬರಲು ಬರೆಯಿರಿ.

ಸೊಪ್ಪಿನಬೆಟ್ಟ:
ಶಿರಸಿಯ ಪಾಲು ಚಿಕ್ಕದಾಗಿ. ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯಗಳು 1976ರಲ್ಲಿ ಬಂದವು. ಧ್ವಜ, ರಾಷ್ಟ್ರಗೀತೆ ಅದರ ಮೊದಲ ಸಾಲಿನಲ್ಲಿದ್ದರೆ ಕಾಡು, ಕೆರೆ, ನದಿ ಕಾಪಾಡುವುದೂ ಅದೇ ಪಟ್ಟಿಯಲ್ಲಿದೆ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಾಡಿಗೆ ನಡೆದು ಮರ ಅಪ್ಪಿಕೊಂಡದ್ದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಇನ್ನೊಂದು, ನಮ್ಮಲ್ಲಿ ಅರ್ಧ ಮನೆಯ ಮಕ್ಕಳು ಬೆಂಗಳೂರಿನಲ್ಲಿ. ವೋಟು ಅಲ್ಲೂ ಇಲ್ಲೂ ಎರಡೂ ಕಡೆ ಇಟ್ಟುಕೊಳ್ಳುವಂತಿಲ್ಲ. ಸ್ಥಳಾಂತರಕ್ಕೆ ನಮೂನೆ 8, ಹೊಸದಾಗಿ ಸೇರಲು 6, ತೀರಿಕೊಂಡವರ ಹೆಸರು ತೆಗೆಸಲು 7. ಅಜ್ಜ ತೀರಿ ಐದು ವರ್ಷವಾದರೂ ಪಟ್ಟಿಯಲ್ಲಿ ಹೆಸರು ಉಳಿಯುವುದು ಮನೆಯವರು ನಮೂನೆ 7 ಕೊಡದೇ ಇದ್ದುದಕ್ಕೆ. ಸಹಾಯವಾಣಿ 1950.

ಡ್ರಿಲ್ ಮಾಸ್ತರ್:
ರಾಷ್ಟ್ರಗೀತೆ ಅಂದಿರಿ. ಪೂರ್ತಿ ಹಾಡಿಗೆ ಸುಮಾರು 52 ಸೆಕೆಂಡು. ಧ್ವನಿವರ್ಧಕ ಕೈಕೊಟ್ಟರೆ ನಡುವೆ ನಿಲ್ಲಿಸಿ ಮತ್ತೆ ಮೊದಲಿಂದ ಹಾಕಬೇಡಿ, ಬಾಯಲ್ಲೇ ಮುಂದುವರಿಸಿ. ಮುಂದೆ ನಿಲ್ಲುವ ನಾಲ್ಕು ಮಕ್ಕಳಿಗೆ ಶ್ರುತಿ ಹಿಡಿದು ಕಲಿಸಿದ್ದರೆ ಸಾಕು. ಅದನ್ನು ಬರೆದ ಟ್ಯಾಗೋರ್ ಇಪ್ಪತ್ತರ ಹರೆಯದಲ್ಲಿ ನಮ್ಮ ಕಾರವಾರದ ಕಡಲ ದಂಡೆಯಲ್ಲಿ ಓಡಾಡಿದವರು, ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ.

ತೆಂಗಿನಗರಿ:
ಅದರ ಜೊತೆ ಇದನ್ನೂ ಹಾಕಿ: ಎದ್ದು ಗೌರವದಿಂದ ನಿಂತಿದ್ದು, ತಮ್ಮ ನಂಬಿಕೆಗಾಗಿ ಹಾಡದೇ ಇದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ತೆಗೆದದ್ದು ತಪ್ಪು ಅಂತ 1986ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಪಕ್ಕದವನ ತುಟಿ ಅಲ್ಲಾಡಿತೋ ಇಲ್ಲವೋ ನೋಡುವ ಕೆಲಸ ಯಾರಿಗೂ ಬೇಡ.

ಕೋಡಿಬಾಗದವ:
ಹಾಳೆ ತುಂಬಿತು. ಮುಂದಿನ ಬದಿ: ಧ್ವಜ ಅರ್ಧ, ರಸ್ತೆ ಅಳೆಯುವುದು ಅರ್ಧ. ಹಿಂಬದಿ: ರಕ್ತ, 73ನೇ ಕಲಮಿನ ಮೂರು ತಿಂಗಳು, ನಮೂನೆ 6-7-8, ರಾಣೆಯವರ ನಾಲ್ಕು ಸಾಲು. ಕೆಳಗೆ ಪಟ್ಟಿಯಲ್ಲಿ 1093, 1554, 1950. ಪ್ರಾಣದ ಸಾಲು ಮೂರರಲ್ಲಿ ಎರಡು ತೆಗೆಸಿದ್ದೇನೆ, ಒಂದಕ್ಕೆ ಅಧ್ಯಕ್ಷರು ಪಟ್ಟು ಹಿಡಿದಿದ್ದಾರೆ.

ಪಾತಿದೋಣಿ:
ಇರಲಿ ಬಿಡಿ. ಬಂದರಿನಲ್ಲಿ ಹಂಚುವ ಪ್ರತಿಗಳಿಗೆ ಮಾತ್ರ 1554 ಮತ್ತು 'ಡಿಗ್ರಿ, ಮಿನಿಟು' ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ ಲ್ಯಾಮಿನೇಷನ್ ಮಾಡಿಸಿ. ಬರೀ ಕಾಗದ ಕೊಟ್ಟರೆ ಮೂರನೇ ದಿನಕ್ಕೆ ವೀಲ್‌ಹೌಸಿನಲ್ಲಿ ಮುದ್ದೆ. ಸ್ಟಿಯರಿಂಗಿನ ಎದುರು ಅಂಟಿಸುವಷ್ಟು ಅಗಲ, ಅಂಗೈಯಷ್ಟು ಇದ್ದರೆ ಸಾಕು.

ಡ್ರಿಲ್ ಮಾಸ್ತರ್:
ಕೋಡಿಬಾಗದವರೇ, ಕರಪತ್ರ ಆಯ್ತು, ನಿಮ್ಮ ಸಂಘದ ಕಂಬದ ರಾಟೆ ಯಾವುದು, ಕಬ್ಬಿಣದ್ದಾ?

ಕೋಡಿಬಾಗದವ:
ಕಬ್ಬಿಣದ್ದೇ ಮಾಸ್ತರೇ. ನಾಳೆ ಇಳಿಸುತ್ತೇವೆ.